ಜಿಮ್ನಿ ಹಿಂದೆ ಮನೆಯೂ ಬೇಕು, ಬೈಕೂ ಬೇಕು: ಎಷ್ಟು ಕಿಲೋ ತನಕ?

ಪ್ರಶ್ನೆ: ನಾವು ದಾವಣಗೆರೆ ವಿದ್ಯಾನಗರದವರು. ಮಾರುತಿಯ ಐದು ಬಾಗಿಲಿನ ಜಿಮ್ನಿ ಕಾರಿದೆ. ನಾನು, ಹೆಂಡತಿ, ಇಬ್ಬರು ಮಕ್ಕಳು. ಮಣ್ಣಿನ ದಾರಿಯಲ್ಲಿ ಓಡಿಸೋಕೆ ಒಂದು ಎಕ್ಸ್‌ಪಲ್ಸ್ ಬೈಕ್ ಇಟ್ಟುಕೊಂಡಿದ್ದೇನೆ. ಅಮೆರಿಕದ ವಿಡಿಯೊಗಳಲ್ಲಿ ಟಾಯ್ ಹಾಲರ್ ನೋಡಿದೆ. ಹಿಂದಿನ ಬಾಗಿಲು ಇಳಿಸಿದರೆ ಅದೇ ಇಳಿಜಾರು ಹಲಗೆ. ಬೈಕ್ ಒಳಗೆ ಹೋಗುತ್ತದೆ, ಊರು ಸೇರಿ ಬೈಕ್ ಇಳಿಸಿದ ಮೇಲೆ ಅದೇ ಜಾಗದಲ್ಲಿ ಹಾಸಿಗೆ. ಹರಿಹರದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುವವರೊಬ್ಬರು ‘ಜೀವಮಾನಪೂರ್ತಿ ಬಾಳಿಕೆ ಬರೋ ಹಾಗೆ ಮಾಡ್ಕೊಡ್ತೀನಿ ಸಾರ್’ ಎನ್ನುತ್ತಿದ್ದಾರೆ. ವಾಣಿವಿಲಾಸ ಸಾಗರ, ಸೂಳೆಕೆರೆ, ಮುಂದೆ ಆಗುಂಬೆ ಕಡೆಗೂ ಹೋಗುವ ಆಸೆ. ಜಿಮ್ನಿ ಎಳೆಯುತ್ತದಾ? ಹಗುರವೂ ಇರಬೇಕು, ಗಟ್ಟಿಯೂ ಇರಬೇಕು ಅಂದರೆ ಏನು ಮಾಡಿಸಲಿ?

ಉತ್ತರ:

ಎಳೆಯುತ್ತದೆ, ಆ ಅನುಮಾನ ಬೇಡ. ದಾವಣಗೆರೆಯಿಂದ ಹಿರಿಯೂರಿನ ತನಕ ಎನ್‌ಎಚ್ 48ರಲ್ಲಿ ಎದೆ ಮೇಲೆ ಬರುವಂಥ ಏರು ಎಲ್ಲೂ ಇಲ್ಲ. ನಿಮ್ಮದು 1.5 ಲೀಟರ್ ಪೆಟ್ರೋಲ್ ಎಂಜಿನ್, 103 ಬಿಎಚ್‌ಪಿ, 134 ನ್ಯೂಟನ್ ಮೀಟರ್ ಟಾರ್ಕ್. ಏರು ಬಂದಾಗ ಗೇರ್ ಇಳಿಸಬೇಕಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಅಷ್ಟೆ. ನನಗೆ ಚಿಂತೆ ಇರೋದು ಬೇರೆ ಎರಡು ವಿಷಯದಲ್ಲಿ. ಹಿಂದೆ ಕಟ್ಟಿದ್ದನ್ನು ನಿಲ್ಲಿಸಬೇಕು, ನೆಟ್ಟಗೆ ಹಿಡಿಯಬೇಕು.

ಆಸ್ಟ್ರೇಲಿಯಾದಲ್ಲಿ ಜಿಮ್ನಿಗೆ ಕಂಪನಿಯೇ ಎಳೆಯುವ ಮಿತಿ ಬರೆದುಕೊಟ್ಟಿದೆ. ಟ್ರೇಲರಿಗೆ ತನ್ನದೇ ಬ್ರೇಕ್ ಇದ್ದರೆ 1,300 ಕಿಲೋ. ಬ್ರೇಕ್ ಇಲ್ಲದಿದ್ದರೆ 350 ಕಿಲೋ. ಕಾರು ಅದೇ, ಎಂಜಿನ್ ಅದೇ, ಬ್ರೇಕ್ ಒಂದೇ ವ್ಯತ್ಯಾಸ. ಹರಿಹರದವರು ಬ್ರೇಕ್ ಮಾತು ಎತ್ತಿದರಾ? ಟ್ರ್ಯಾಕ್ಟರ್ ಟ್ರೇಲರ್ ಮಾಡಿ ರೂಢಿ ಇರುವವರು ಸಾಮಾನ್ಯವಾಗಿ ಎತ್ತೋದಿಲ್ಲ, ಆ ಗಾಡಿ ನಡೆಯುವ ವೇಗಕ್ಕೆ ಅದು ಅವರ ತಲೆಗೆ ಬರೋದೂ ಇಲ್ಲ. ಇನ್ನೊಂದು ಮಾತು. ಆಸ್ಟ್ರೇಲಿಯಾದ ಅಂಕಿ ಅಲ್ಲಿಗೆ. ಇಲ್ಲಿ ನಡೆಯೋದು ನಿಮ್ಮ ಗಾಡಿ ಜೊತೆ ಕೊಟ್ಟ ಓನರ್ಸ್ ಮ್ಯಾನ್ಯುಯಲ್. ಅದರಲ್ಲಿ ಟ್ರೇಲರ್ ಎಳೆಯುವ ಪುಟ ಹುಡುಕಿ ಓದಿ. ಬೇಡ ಅಂತ ಬರೆದಿದ್ದರೆ ವಾರಂಟಿಯೂ ಇನ್ಶೂರೆನ್ಸ್ ಕ್ಲೇಮೂ ಆ ಸಾಲಿಗೆ ಸಿಕ್ಕಿಹಾಕಿಕೊಳ್ಳುತ್ತವೆ.

ಈಗ ತೂಕದ ಲೆಕ್ಕ. ಎಲ್ಲರೂ ಖಾಲಿ ಟ್ರೇಲರ್ ಎಷ್ಟು ತೂಗುತ್ತದೆ ಅಂತ ಕೇಳುತ್ತಾರೆ. ರಸ್ತೆಗೆ ಖಾಲಿ ಟ್ರೇಲರ್ ಇಳಿಯೋದೇ ಇಲ್ಲವಲ್ಲ! ನೀವು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿ. ಬೈಕು, ನೀರು, ಹಾಸಿಗೆ, ಪಾತ್ರೆ ಎಲ್ಲ ತುಂಬಿದ ಮೇಲೆ 650 ಕಿಲೋ, ಅದರ ಮೇಲೆ ಒಂದು ಕಿಲೋವೂ ಬೇಡ. ಈ 650 ಎಲ್ಲಿಂದ ಬಂತು? ನಮ್ಮ ದೇಶದ ವಿಂಗಡಣೆಯಲ್ಲಿ ತುಂಬಿದ ತೂಕ 750 ಕಿಲೋ ಒಳಗಿರುವ ಟ್ರೇಲರ್ ಟಿ1, ಅಂದರೆ ಎಲ್ಲಕ್ಕಿಂತ ಸಣ್ಣ ವರ್ಗ. ಅದರಲ್ಲಿ ನೂರು ಕಿಲೋ ಅಂಚು ಬಿಟ್ಟೆ. ನಿಮ್ಮ ಜಿಮ್ನಿಯ ಸ್ವಂತ ತೂಕ ಸುಮಾರು 1,200 ಕಿಲೋ. ಕಾರವಾನ್ ಎಳೆಯಲು ಹೊಸಬರಾದವರು ಕಾರಿನ ತೂಕದ ಶೇಕಡಾ 85ರ ಒಳಗೇ ಇರಿ ಅನ್ನೋದು ಬ್ರಿಟನ್ನಿನ ಹಳೆಯ ಸಲಹೆ. ಅಲ್ಲಿ ಹಂಪುಗಳು ಕಡಿಮೆ, ಎದುರಿಗೆ ದಾರಿ ತಪ್ಪಿ ಬರುವ ಮೆಕ್ಕೆಜೋಳದ ಟ್ರ್ಯಾಕ್ಟರ್ ಇಲ್ಲ. ನಮ್ಮ ರಸ್ತೆಗೆ ಅರ್ಧದ ಆಸುಪಾಸೇ ಸರಿ ಅನ್ನೋದು ನನ್ನ ಅಭಿಪ್ರಾಯ.

650ರಿಂದ ಕಳೆಯುತ್ತಾ ಬನ್ನಿ. ಬೈಕು ಹತ್ತಿರ ಹತ್ತಿರ 160. ನೀರು 30 ಲೀಟರ್, ಅಂದರೆ 30 ಕಿಲೋ. ಬ್ಯಾಟರಿ, ಸೋಲಾರ್ ಪ್ಯಾನೆಲ್ ಸೇರಿ 20. ಸಣ್ಣ ಸಿಲಿಂಡರ್, ಒಲೆ 15. ಹಾಸಿಗೆ, ಬಟ್ಟೆ, ಪಾತ್ರೆ, ದಿನಸಿ 50. ಸ್ಟೆಪ್ನಿ, ಜಾಕ್, ಉಪಕರಣ 25. ಒಟ್ಟು 300. ಹಾಗಾಗಿ ಟ್ರೇಲರ್ ಖಾಲಿ ಇದ್ದಾಗ 350 ಕಿಲೋ ದಾಟುವಂತಿಲ್ಲ. ನಿಮ್ಮ ಫ್ಯಾಬ್ರಿಕೇಟರಿಗೆ ಹೇಳಬೇಕಾದ ಮೊದಲ ಮಾತು ಇದು. ಅಗಲ ಉದ್ದ ಆಮೇಲೆ.

ಕಾರಿನ ಕಡೆಯ ಲೆಕ್ಕವನ್ನೂ ಮರೆಯಬೇಡಿ. ಜಿಮ್ನಿಯ ಒಟ್ಟು ಅನುಮತಿ ತೂಕ 1,545 ಕಿಲೋ. ಸ್ವಂತ ತೂಕ ಕಳೆದರೆ ಉಳಿಯೋದು ಸುಮಾರು 345. ನೀವು ನಾಲ್ಕು ಜನ 200 ಅಂತ ಇಟ್ಟುಕೊಳ್ಳಿ. ಟ್ರೇಲರಿನ ಮುಂಭಾಗ ಕಾರಿನ ಕೊಕ್ಕೆ ಮೇಲೆ ಕೂತು ಒತ್ತುವ ಭಾರ 65ರ ಹತ್ತಿರ. ಕೊಕ್ಕೆಯ ಚೌಕಟ್ಟೇ 15, 20 ಕಿಲೋ ತೂಗುತ್ತದೆ. ಇನ್ನು 60 ಕಿಲೋ ಚಿಲ್ಲರೆ ಉಳಿಯಿತು. ಮೇಲೆ ಕ್ಯಾರಿಯರ್ ಹಾಕಿ ಅದರಲ್ಲಿ ಇನ್ನಷ್ಟು ಸಾಮಾನು ಹೇರುವ ಯೋಚನೆ ಇದ್ದರೆ ಇಲ್ಲೇ ಕೈಬಿಡಿ.

ನೀವು ವಿಡಿಯೊದಲ್ಲಿ ನೋಡಿದ ಟಾಯ್ ಹಾಲರುಗಳು ಹೆಚ್ಚಿನವು ಮೂರು, ನಾಲ್ಕು ಟನ್ನಿನ ಗಾಡಿಗಳು. ಎಳೆಯೋಕೆ ದೊಡ್ಡ ಪಿಕಪ್ ಟ್ರಕ್ ಬೇಕು. ಅವುಗಳನ್ನು ಚಿಕ್ಕದು ಮಾಡಿ ಕಟ್ಟೋದು ಆಗದ ಕೆಲಸ. ನೀವು ನೋಡಬೇಕಾದ್ದು ಬೇರೆ ವಂಶ. 1930ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದ ಕಣ್ಣೀರ ಹನಿ ಆಕಾರದ ಸಣ್ಣ ಟ್ರೇಲರುಗಳಿವೆ. ಒಳಗೆ ಮಲಗೋದಷ್ಟೆ, ಅಡುಗೆ ಹಿಂದಿನ ಮುಚ್ಚಳ ಎತ್ತಿ ಹೊರಗೆ ನಿಂತು. 1968ರಲ್ಲಿ ಕೆನಡಾದ ವಿನ್ನಿಪೆಗ್‌ನಲ್ಲಿ ಬೋಲರ್ ಅನ್ನೋ ಫೈಬರ್‌ಗ್ಲಾಸ್ ಟ್ರೇಲರ್ ಬಂತು. ಮೇಲಿನ ಅರ್ಧ ಒಂದು ಅಚ್ಚು, ಕೆಳಗಿನ ಅರ್ಧ ಇನ್ನೊಂದು ಅಚ್ಚು, ನಡುವಿನಲ್ಲಿ ಒಂದೇ ಜೋಡಣೆ. ಅರ್ಧ ಟನ್ನಿನ ಒಳಗಿತ್ತು. ಮಿನ್ನೆಸೋಟಾದ ಸ್ಕ್ಯಾಂಪ್ ಅದೇ ದಾರಿಯದು. ಐವತ್ತು ವರ್ಷ ಹಳೆಯ ಇಂಥವು ಇವತ್ತೂ ರಸ್ತೆ ಮೇಲಿವೆ. ಕಾರಣ ಕಬ್ಬಿಣದ ದಪ್ಪ ಖಂಡಿತ ಅಲ್ಲ. ನೀರು ಒಳಗೆ ಹೋಗೋಕೆ ಸಂದು ಕಡಿಮೆ. ಜರ್ಮನಿಯ ಎರಿಬಾ ಪುಕ್ ಇನ್ನೊಂದು ಉಪಾಯ ಮಾಡಿತು: ಓಡುವಾಗ ಚಾವಣಿ ಕೆಳಗೆ, ನಿಂತಾಗ ಮೇಲಕ್ಕೆ. ಗಾಳಿಗೆ ಎದೆ ಕೊಡೋದು ಕಡಿಮೆಯಾಯಿತು, ನಿಲ್ಲೋಕೆ ಎತ್ತರವೂ ಸಿಕ್ಕಿತು.

ನಿಮಗೆ ನಾನು ಹೇಳುವ ಪೆಟ್ಟಿಗೆ ಮೂರು ಮೀಟರ್ ಉದ್ದ, 1.6 ಮೀಟರ್ ಅಗಲ, ಚಾವಣಿ ಇಳಿಸಿದಾಗ 1.35 ಮೀಟರ್ ಎತ್ತರ. ಎಕ್ಸ್‌ಪಲ್ಸ್ ಕನ್ನಡಿ ಬಿಚ್ಚಿದರೆ ಇದರಲ್ಲಿ ಹಿಡಿಸುತ್ತದೆ. ಅಗಲ ಜಿಮ್ನಿಯಷ್ಟೇ. ನೆಲದಿಂದ ಅರ್ಧ ಮೀಟರ್ ಮೇಲೆ ಕೂತರೆ ಎತ್ತರ 1.85 ಮೀಟರ್, ಜಿಮ್ನಿಗಿಂತ ಜಾಸ್ತಿಯಾದರೂ ಒಂದು ಗೇಣಿನೊಳಗೇ. ಹಾಗಿದ್ದಾಗ ಟ್ರೇಲರಿನ ಬಹುಪಾಲು ಕಾರಿನ ನೆರಳಲ್ಲೇ ಬರುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80ರಿಂದ 100ಕ್ಕೆ ಹೋದರೆ ತಡೆ ಒಂದೂವರೆ ಪಟ್ಟು ದಾಟುತ್ತದೆ. ಸಣ್ಣ ಎಂಜಿನ್ನಿಗೆ ಅದು ಕಿಲೋಗಿಂತ ದೊಡ್ಡ ಹೊರೆ.

ಇನ್ನು ಯಾವುದರಲ್ಲಿ ಕಟ್ಟೋದು? ಈ ಅಳತೆಯ ಪೆಟ್ಟಿಗೆಗೆ ನೆಲ, ಗೋಡೆ, ಚಾವಣಿ ಸೇರಿ ಸುಮಾರು 22 ಚದರ ಮೀಟರ್ ಹಾಳೆ ಬೇಕು. 1.6 ಮಿಲಿಮೀಟರ್ ಕಬ್ಬಿಣದ ಹಾಳೆ ಚದರ ಮೀಟರಿಗೆ ಹನ್ನೆರಡೂವರೆ ಕಿಲೋ. ಬರೀ ಹಾಳೆಯೇ 275 ಕಿಲೋ ಆಯಿತು. 12 ಮಿಲಿಮೀಟರ್ ಪ್ಲೈವುಡ್ ಆದರೆ 165ರ ಹತ್ತಿರ. ಎರಡು ಕಡೆ ಒಂದೊಂದು ಮಿಲಿಮೀಟರ್ ಎಫ್‌ಆರ್‌ಪಿ (ಫೈಬರ್‌ಗ್ಲಾಸ್ ಹಾಳೆ), ನಡುವೆ 25 ಮಿಲಿಮೀಟರ್ ಗಟ್ಟಿ ಫೋಮ್ ಅಂಟಿಸಿದ ಪ್ಯಾನೆಲ್ ಚದರ ಮೀಟರಿಗೆ ಸುಮಾರು ಐದು ಕಿಲೋ, ಒಟ್ಟು 110. ಮೇಲಾಗಿ ಚಿತ್ರದುರ್ಗದ ಏಪ್ರಿಲ್ ಬಿಸಿಲಿಗೆ ಫೋಮ್ ಇರುವ ಗೋಡೆಗೂ ಬರೀ ತಗಡಿಗೂ ಇರುವ ವ್ಯತ್ಯಾಸ ಒಳಗೆ ಮಲಗಿದವರಿಗೆ ಗೊತ್ತಾಗುತ್ತದೆ. ಕಾಸು ಜಾಸ್ತಿ, ನಿಜ. ಕಾಸು ಉಳಿಸಲೇಬೇಕು ಅಂದರೆ ನೆಲಕ್ಕೆ ಮಾತ್ರ ಐಎಸ್ 710 ಗುರುತಿನ ನೀರು ತಡೆಯುವ ಪ್ಲೈವುಡ್ ಹಾಕಿಸಿ. ಗೋಡೆ, ಚಾವಣಿಗೆ ಪ್ಯಾನೆಲ್ಲೇ ಇರಲಿ. ಹೊರಗಿನ ಬಣ್ಣ ಬಿಳಿ. ಕಪ್ಪು ಬಣ್ಣ ಫೋಟೊಗೆ ಚಂದ, ಮಧ್ಯಾಹ್ನಕ್ಕಲ್ಲ.

ಚಾಸಿಯದೂ ಇದೇ ಕಥೆ. ಒಟ್ಟು 20 ಮೀಟರ್ ಕಬ್ಬಿಣ ಹಿಡಿಯುತ್ತದೆ ಅಂದುಕೊಳ್ಳಿ. ಟ್ರ್ಯಾಕ್ಟರ್ ಟ್ರೇಲರಿಗೆ ಬಳಸುವ 100 ಮಿಲಿಮೀಟರಿನ ದಪ್ಪ ಕಬ್ಬಿಣದ ಚಾನೆಲ್ ಮೀಟರಿಗೆ ಒಂಬತ್ತು, ಒಂಬತ್ತೂವರೆ ಕಿಲೋ. ಅಲ್ಲಿಗೆ 190 ಕಿಲೋ ಹೋಯಿತು. 50 ಬೈ 50 ಚೌಕ ಪೈಪು, 3 ಮಿಲಿಮೀಟರ್ ದಪ್ಪ, ಮೀಟರಿಗೆ 4.3 ಕಿಲೋ. ಅದರಲ್ಲಿ 86 ಕಿಲೋಗೆ ಮುಗಿಯುತ್ತದೆ. 650 ಕಿಲೋ ಹೊರೋಕೆ ಇದು ಸಾಕು. ಆ್ಯಕ್ಸಲ್, ಪಟ್ಟಾ ಸ್ಪ್ರಿಂಗ್, ಚಕ್ರ 90. ಕಾರಿನ ಕೊಕ್ಕೆಗೆ ಕೂರುವ ಕಪ್ಲಿಂಗ್, ಬ್ರೇಕ್ 25. ಹಿಂದಿನ ಇಳಿಜಾರು ಬಾಗಿಲಿನ ಬಿಗಿತ, ಚಾವಣಿ ಎತ್ತುವ ವ್ಯವಸ್ಥೆ, ಕಿಟಕಿ 40. ಎಲ್ಲ ಕೂಡಿದರೆ 350 ಮುಟ್ಟಿತು. ಒಳಗೆ ಮರದ ಕಪಾಟು, ಸಿಂಕು, ಗ್ರಾನೈಟ್ ಹಲಗೆ ಅಂತ ಏನೇ ಸೇರಿಸಿದರೂ ಬೈಕು ಹೊರಗುಳಿಯಬೇಕಾಗುತ್ತದೆ. ಗ್ರಾನೈಟ್ ತಮಾಷೆಗೆ ಹೇಳಿದ್ದಲ್ಲ, ಕೇಳಿದವರಿದ್ದಾರೆ.

ಈಗ ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಮಲಗೋಕೆ ಮಾತ್ರ ಇರುವ ಕ್ಯಾಂಪರ್ ಆದರೆ ಭಾರ ಹೆಚ್ಚುಕಡಿಮೆ ಎಲ್ಲ ಕಡೆ ಹರಡಿರುತ್ತದೆ. ಬೈಕು ಸೇರಿದ ಕೂಡಲೇ 160 ಕಿಲೋ ಒಂದೇ ಜಾಗಕ್ಕೆ ಬರುತ್ತದೆ. ಎತ್ತಿನ ಗಾಡಿಗೆ ಹಿಂದಕ್ಕೆ ಜಾಸ್ತಿ ಹೇರಿದರೆ ಮೂಕಿ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ ಅಲ್ವಾ, ಇಲ್ಲೂ ಹಾಗೇ. ಎತ್ತು ನಿಂತುಬಿಡುತ್ತದೆ, ಕಾರು ನಿಲ್ಲೋದಿಲ್ಲ. 70, 80ರ ವೇಗದಲ್ಲಿ ಟ್ರೇಲರ್ ಬಾಲ ಬೀಸೋಕೆ ಶುರು ಮಾಡುತ್ತದೆ. ಟ್ರೇಲರಿನ ಮುಂದೆ ಚಾಚಿ ಕಾರಿನ ಕೊಕ್ಕೆಗೆ ಸೇರುವ ಭಾಗವನ್ನೂ ಮೂಕಿ ಅಂತಲೇ ಕರೆಯೋಣ. ಅಮೆರಿಕದವರು ಮೂಕಿ ಮೇಲೆ ಒಟ್ಟು ತೂಕದ ಶೇಕಡಾ 10ರಿಂದ 15 ಇರಲಿ ಎನ್ನುತ್ತಾರೆ. ಯುರೋಪಿನವರು ಇನ್ನೂ ಕಡಿಮೆಯಲ್ಲಿ ನಡೆಸುತ್ತಾರೆ, ಆದರೆ ಅವರ ಟ್ರೇಲರ್ ವಿನ್ಯಾಸವೂ ವೇಗದ ಮಿತಿಯೂ ಬೇರೆ. ನಿಮಗೆ 10ರಿಂದ 12 ಸರಿ.

ಲೆಕ್ಕ ಹಾಕಿ ತೋರಿಸುತ್ತೇನೆ. ಕೊಕ್ಕೆಯಿಂದ ಆ್ಯಕ್ಸಲ್‌ಗೆ ಮೂರು ಮೀಟರ್. ಪೆಟ್ಟಿಗೆಯ ಮುಂಗೋಡೆಯಿಂದ ಆ್ಯಕ್ಸಲ್ 1.7 ಮೀಟರ್ ಹಿಂದೆ. ಖಾಲಿ ಇದ್ದಾಗ ಮೂಕಿ ಭಾರ 45 ಕಿಲೋ ಅಂತ ಇರಲಿ. ಬೈಕಿನ ನಡುಮಧ್ಯ ಆ್ಯಕ್ಸಲ್‌ಗಿಂತ 30 ಸೆಂಟಿಮೀಟರ್ ಮುಂದೆ ಬರುವಂತೆ ನಿಲ್ಲಿಸಿದರೆ ಮೂಕಿಗೆ 16 ಕಿಲೋ ಸೇರಿ 61 ಆಗುತ್ತದೆ. ಆಗಿನ ಒಟ್ಟು ತೂಕ 510, ಅದರ ಶೇಕಡಾ 12. ಚೆನ್ನಾಗಿದೆ. ಅದೇ ಬೈಕನ್ನು ಹಿಂದಿನ ಬಾಗಿಲಿಗೆ ಒತ್ತಿ ನಿಲ್ಲಿಸಿ. ನಡುಮಧ್ಯ ಆ್ಯಕ್ಸಲ್‌ಗಿಂತ 20 ಸೆಂಟಿಮೀಟರ್ ಹಿಂದೆ ಹೋಯಿತು. ಮೂಕಿ ಭಾರ 34ಕ್ಕೆ ಇಳಿಯಿತು, ಶೇಕಡಾ 7 ಕೂಡ ಇಲ್ಲ. ಬರೀ ಅರ್ಧ ಮೀಟರಿನ ವ್ಯತ್ಯಾಸ ಇದು. ಕೆಲವರು ಒಳಗೆ ಜಾಗ ಉಳಿಸೋಣ ಅಂತ ಪೆಟ್ಟಿಗೆಯ ಹಿಂದೆ ಹೊರಗಡೆ ಒಂದು ಸ್ಟ್ಯಾಂಡ್ ಮಾಡಿಸಿ ಬೈಕನ್ನು ಅಡ್ಡಕ್ಕೆ ಕಟ್ಟುತ್ತಾರೆ. ಆಗ ಅದು ಆ್ಯಕ್ಸಲ್‌ಗಿಂತ 1.6 ಮೀಟರ್ ಹಿಂದೆ. ಮೂಕಿಯಿಂದ 85 ಕಿಲೋ ಎತ್ತಿಬಿಡುತ್ತದೆ. 45ರಲ್ಲಿ 85 ಕಳೆದರೆ ಟ್ರೇಲರ್ ಕಾರಿನ ಹಿಂಭಾಗವನ್ನು 40 ಕಿಲೋ ಬಲದಿಂದ ಮೇಲಕ್ಕೆ ಎಳೆಯುತ್ತಿರುತ್ತದೆ. ನಿಮ್ಮ ಫ್ಯಾಬ್ರಿಕೇಟರ್ ಈ ಸ್ಟ್ಯಾಂಡ್ ಮಾತು ಎತ್ತಿದರೆ ಒಪ್ಪಬೇಡಿ.

ಹಾಗಾಗಿ ಬೈಕಿನ ಮುಂದಿನ ಚಕ್ರ ಸಿಕ್ಕಿಸಿ ನಿಲ್ಲಿಸುವ ಚೌಕಟ್ಟನ್ನು ನೆಲಕ್ಕೆ ಬೋಲ್ಟ್ ಮಾಡಿಸಿ. ಪ್ರತಿ ಸಲ ಅದೇ ಜಾಗದಲ್ಲಿ ನಿಲ್ಲಬೇಕು. ಬೆಲ್ಟ್ ಕಟ್ಟುವ ನಾಲ್ಕು ಬಳೆಗಳು ಪ್ಲೈವುಡ್ಡಿಗೆ ತಿರುಪು ಹಾಕಿದ್ದಾಗಿರಬಾರದು, ಕೆಳಗಿನ ಚೌಕ ಪೈಪಿಗೇ ಹಿಡಿದಿರಬೇಕು. ಮುಂದಿನ ಫೋರ್ಕ್ ಸ್ವಲ್ಪ ಕುಗ್ಗುವಷ್ಟು ಬಿಗಿದು ಕಟ್ಟಿ. ಬೈಕ್ ಹತ್ತಿಸುವಾಗ ಇನ್ನೊಂದು ಎಚ್ಚರ. ಬೈಕು ಇಳಿಜಾರು ಹಲಗೆ ಮೇಲಿದ್ದಾಗ ಅದರ ಪೂರ್ತಿ ಭಾರ ಹಿಂದೆ ಇರುತ್ತದೆ, ಮೂಕಿ ಏಳುತ್ತದೆ. ಮೊದಲು ಟ್ರೇಲರಿನ ಹಿಂದಿನ ಎರಡು ಕಾಲು ಇಳಿಸಿ, ಆಮೇಲೆ ಬೈಕು.

ಮೂಕಿ ಭಾರ ಅಳೆಯೋಕೆ ವೇ ಬ್ರಿಡ್ಜ್ ಸರಿಹೋಗೋದಿಲ್ಲ, ಅದರ ಮುಳ್ಳು ಐದು, ಹತ್ತು ಕಿಲೋ ಲೆಕ್ಕದಲ್ಲಿ ಜಿಗಿಯುತ್ತದೆ. ಒಟ್ಟು ತೂಕಕ್ಕೆ ಎಪಿಎಂಸಿ ಹತ್ತಿರದ ವೇ ಬ್ರಿಡ್ಜ್ ಸಾಕು. ಮೂಕಿಗೆ ಯಾವುದಾದರೂ ಮಂಡಿಯಲ್ಲಿ ಚೀಲ ತೂಗುವ ನೆಲದ ತಕ್ಕಡಿ ಕೇಳಿ. ಕೊಕ್ಕೆಯ ಎತ್ತರಕ್ಕೆ ಒಂದು ಮರದ ತುಂಡು ನಿಲ್ಲಿಸಿ, ಅದರ ಮೇಲೆ ಕಪ್ಲಿಂಗ್ ಇಳಿಸಿ. ಎಲ್ಲ ಸಾಮಾನು ತುಂಬಿಯೇ ತೂಗಿ.

ಬಾಲ ಬೀಸೋದರ ಮಾತು ಬಂದದ್ದಕ್ಕೆ ನಿಮ್ಮ ದಾರಿಯ ವಿಷಯ ಹೇಳಲೇಬೇಕು. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಗುಡ್ಡಗಳ ಸಂದಿನಿಂದ ನುಗ್ಗಿ ಹೆದ್ದಾರಿಗೆ ಅಡ್ಡ ಹೊಡೆಯುತ್ತದೆ. ಗುಡ್ಡದ ಮರೆ ಮುಗಿದು ಬಯಲು ಬಂದ ಕಡೆ ಒಮ್ಮೆಗೇ ಪಕ್ಕಕ್ಕೆ ತಳ್ಳಿದ ಹಾಗಾಗುತ್ತದೆ. ಅದೇ ಹೊತ್ತಿಗೆ ಒಂದು ಸ್ಲೀಪರ್ ಬಸ್ಸು ಪಕ್ಕದಲ್ಲಿ ಹಾದುಹೋದರೆ ಮೊದಲು ದೂಡುತ್ತದೆ, ಆಮೇಲೆ ಒಳಗೆ ಎಳೆಯುತ್ತದೆ. ಆ ಭಾಗದಲ್ಲಿ 70 ದಾಟಬೇಡಿ. ಟ್ರೇಲರ್ ಆಡಿತು ಅನ್ನಿಸಿದರೆ ಸ್ಟಿಯರಿಂಗನ್ನು ಆ ಕಡೆ ಈ ಕಡೆ ತಿರುಗಿಸಿ ಸರಿಮಾಡೋಕೆ ಹೋಗಬಾರದು, ಅದರಿಂದ ಇನ್ನೂ ಜಾಸ್ತಿಯಾಗುತ್ತದೆ. ಬ್ರೇಕನ್ನೂ ಜಗ್ಗಿ ಒತ್ತಬಾರದು. ಸ್ಟಿಯರಿಂಗ್ ನೆಟ್ಟಗೆ ಬಿಗಿಯಾಗಿ ಹಿಡಿದು ಆ್ಯಕ್ಸಿಲರೇಟರ್ ಬಿಡಿ. ವೇಗ ಇಳಿದ ಹಾಗೆ ತಾನೇ ತಣ್ಣಗಾಗುತ್ತದೆ. ವೇಗ ಹೆಚ್ಚಿಸಿದರೆ ನೆಟ್ಟಗಾಗುತ್ತದೆ ಅಂತ ಯಾರಾದರೂ ಹೇಳಿದರೆ ಅವರ ಜೊತೆ ಪ್ರಯಾಣ ಬೇಡ.

ಬ್ರೇಕಿಗೆ ಎರಡು ದಾರಿ. ಒಂದು, ಕಾರಿನ ಬ್ರೇಕ್ ಜೊತೆ ವಿದ್ಯುತ್ತಿನಿಂದ ಹಿಡಿಯುವಂಥದು, ಕಾರಿನೊಳಗೆ ಒಂದು ಕಂಟ್ರೋಲರ್ ಬೇಕು. ಇನ್ನೊಂದು ಓವರ್‌ರನ್ ಬ್ರೇಕ್. ಕಾರು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುತ್ತದಲ್ಲ, ಆ ನೂಕಿಗೇ ಕಪ್ಲಿಂಗ್ ಒಳಸರಿದು ಸಲಾಕೆ ಎಳೆದು ಡ್ರಮ್ ಬ್ರೇಕ್ ಹಿಡಿಸುತ್ತದೆ. ವೈರಿಂಗ್ ಗೊಡವೆ ಇಲ್ಲ, ನಿಮಗೆ ಅದೇ ಸಾಕು. ಅದನ್ನು ಸ್ಥಳೀಯವಾಗಿ ಬೆಸೆದು ಮಾಡಿಸಬೇಡಿ, ಸಿದ್ಧವಾಗಿ ಬರುವ ಘಟಕವನ್ನೇ ಕೊಳ್ಳಿ. ಕಾಸು ಎಲ್ಲಿ ಬೇಕಾದರೂ ಉಳಿಸಿ, ಕಪ್ಲಿಂಗ್ ಮತ್ತು ಬ್ರೇಕಿನಲ್ಲಿ ಬೇಡ. ಕೊಕ್ಕೆ ಕಳಚಿದರೂ ಮೂಕಿ ನೆಲಕ್ಕೆ ಬೀಳದಂತೆ ಎರಡು ಸರಪಳಿಗಳನ್ನು ಅದರ ಕೆಳಗೆ ಅಡ್ಡಡ್ಡ ಕಟ್ಟಬೇಕು. ಟ್ರೇಲರ್ ಪೂರ್ತಿ ಬಿಟ್ಟುಹೋದರೆ ತಾನೇ ಬ್ರೇಕ್ ಎಳೆಯುವ ಕೇಬಲ್ ಕೂಡ ಇರಬೇಕು.

ಓವರ್‌ರನ್ ಬ್ರೇಕಿನ ಕೊರತೆ ಗೊತ್ತಾಗೋದು ಘಾಟಿ ಇಳಿಯುವಾಗ. ಇಳಿಜಾರಿನ ಉದ್ದಕ್ಕೂ ಟ್ರೇಲರ್ ನೂಕುತ್ತಲೇ ಇರುತ್ತದೆ, ಬ್ರೇಕ್ ಹಿಡಿದೇ ಇರುತ್ತದೆ, ಡ್ರಮ್ ಕಾಯುತ್ತದೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಕಿರಿದು ಬೇರೆ. ಎದುರಿಗೆ ಬಸ್ಸು ಬಂದು ನೀವು ಟ್ರೇಲರ್ ಸಮೇತ ಹಿಂದಕ್ಕೆ ಸರಿಯಬೇಕಾದ ಸಂದರ್ಭ ಯೋಚಿಸಿ. ಆಗುಂಬೆ ಊರಿನ ತನಕ ಹೋಗಿ, ಮೇಲೆ ತಂಗಿ, ಟ್ರೇಲರ್ ಅಲ್ಲೇ ಬಿಡಿ. ಸೋಮೇಶ್ವರಕ್ಕೆ ಇಳಿಯೋದಾದರೆ ಬರೀ ಜಿಮ್ನಿಯಲ್ಲೋ ಬೈಕಿನಲ್ಲೋ ಇಳಿಯಿರಿ.

ಬಾಳಿಕೆಯ ವಿಷಯದಲ್ಲಿ ‘ಗಟ್ಟಿ’ ಅಂದ ಕೂಡಲೇ ನಮ್ಮ ಕಡೆ ದಪ್ಪ ಕಬ್ಬಿಣ ನೆನಪಾಗುತ್ತದೆ. ಕ್ಯಾಂಪರ್ ಹಾಳಾಗೋದು ಮೂರು ಕಡೆಯಿಂದ: ನೀರು, ಅದುರಾಟ, ದೂಳು. ನೀರಿಗೆ ಮದ್ದು, ಚಾವಣಿಯಲ್ಲಿ ತೂತು ಕಡಿಮೆ ಮಾಡೋದು. ಸೋಲಾರ್ ಪ್ಯಾನೆಲ್ಲನ್ನು ತಿರುಪು ಹಾಕದೆ ಅಂಟಿಸಬಹುದು. ತೂತು ಕೊರೆಯಲೇಬೇಕಾದ ಕಡೆ ಬ್ಯುಟೈಲ್ ಟೇಪ್ (ಅಂಟಂಟಾದ ರಬ್ಬರ್ ಪಟ್ಟಿ) ಹಾಕಿ ಬಿಗಿಯಬೇಕು. ಬರೀ ಸಿಲಿಕೋನ್ ಬಳಿದದ್ದು ಬಿಸಿಲಿಗೆ ಕಿತ್ತುಬರುತ್ತದೆ, ಎರಡನೇ ಮಳೆಗಾಲಕ್ಕೆ ಹಾಸಿಗೆ ಒದ್ದೆ.

ಅದುರಾಟ ಮೊದಲು ಬಿರುಕು ಬಿಡಿಸೋದು ಮೂಕಿಯ ಪೈಪು ಚಾಸಿಯ ಮುಂದಿನ ಅಡ್ಡಪಟ್ಟಿಗೆ ಸೇರುವ ಜಾಗದಲ್ಲಿ. ಪ್ರತಿ ಹಂಪಿನ ಪೆಟ್ಟೂ ಅಲ್ಲಿಗೇ ಬರುತ್ತದೆ. ಮೂಕಿಯ ಪೈಪುಗಳು ಆ ಅಡ್ಡಪಟ್ಟಿಗೆ ಬಂದು ನಿಲ್ಲದೆ, ಅದರ ಕೆಳಗೆ ಹಾದು ಎರಡನೇ ಅಡ್ಡಪಟ್ಟಿಯ ತನಕ ಹೋಗಬೇಕು. ಮೂಲೆಗಳಿಗೆ ತ್ರಿಕೋನದ ತಗಡು ಬೆಸೆಯಬೇಕು. ಪೈಪಿನ ಮೇಲ್ಮೈಗೆ ಅಡ್ಡಡ್ಡ ಬೆಸುಗೆ ಹಾಕಿದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ, ಉದ್ದಕ್ಕೆ ಹಾಕಿಸಿ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡುತ್ತಿದ್ದ ಕಾಲದಿಂದ ಅಳತೆ ನೋಡಿ ಕೆಲಸ ಮಾಡುವ ಕೈಗಳಿವೆ. ನಕ್ಷೆ ಕೊಟ್ಟರೆ ಮಾಡುತ್ತಾರೆ, ಬಾಯಿಮಾತಿಗೆ ಬಿಟ್ಟರೆ ಚಾನೆಲ್ ಬರುತ್ತದೆ.

ಪಟ್ಟಾ ಸ್ಪ್ರಿಂಗೋ, ರಬ್ಬರ್ ಒಳಗಿರುವ ಟಾರ್ಷನ್ ಆ್ಯಕ್ಸಲ್ಲೋ? ರಬ್ಬರಿನದು ಮೆತ್ತಗಿರುತ್ತದೆ, ಹಗುರ, ಗ್ರೀಸ್ ಕೆಲಸ ಇಲ್ಲ. ಆದರೆ ಹೊಸದುರ್ಗದ ಹತ್ತಿರ ಕೆಟ್ಟು ನಿಂತರೆ ರಿಪೇರಿ ಆಗೋದಿಲ್ಲ. ಪಟ್ಟಾ ಮುರಿದರೆ ಯಾವ ಹೋಬಳಿಯಲ್ಲೂ ಒಬ್ಬರು ಸಿಗುತ್ತಾರೆ. ನನ್ನ ಓಟು ಪಟ್ಟಾಕ್ಕೆ. ಆದರೆ ತೂಕಕ್ಕೆ ತಕ್ಕ ತೆಳು ಪಟ್ಟಾ, ಜೊತೆಗೆ ಶಾಕ್ ಅಬ್ಸಾರ್ಬರ್. ಎರಡು ಟನ್ನಿನ ಪಟ್ಟಾ ಹಾಕಿದರೆ ಅದು ಬಾಗೋದೇ ಇಲ್ಲ, ಒಳಗಿನ ಪ್ರತಿ ತಿರುಪೂ ಸಡಿಲವಾಗುತ್ತದೆ. ಟೈರ್ 165/80 ಆರ್14 ಇರಲಿ. ಲೋಡ್ ಇಂಡೆಕ್ಸ್ 85 ಇದ್ದರೆ ಒಂದೊಂದು 515 ಕಿಲೋ ಹೊರುತ್ತದೆ, ಪಿಬಿ ರಸ್ತೆಯ ಯಾವ ಅಂಗಡಿಯಲ್ಲೂ ಸಿಗುತ್ತದೆ. ಸಣ್ಣ 12 ಇಂಚಿನ 74 ಇಂಡೆಕ್ಸ್ ಟೈರ್ ಎರಡು ಸೇರಿ 750 ಹೊರುತ್ತವೆ, ಲೆಕ್ಕಕ್ಕೆ ಸರಿ, ಗುಂಡಿಗೆ ಸರಿಯಲ್ಲ.

ದೂಳಿನದು ಟಾಯ್ ಹಾಲರಿಗೇ ಅಂಟಿದ ಕಾಟ. ಓಡುವ ಪೆಟ್ಟಿಗೆಯ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಚಕ್ರ ಎಬ್ಬಿಸಿದ ದೂಳೆಲ್ಲ ಅಲ್ಲೇ ಸುತ್ತುತ್ತದೆ. ನಿಮ್ಮ ದೊಡ್ಡ ಬಾಗಿಲು ಇರೋದೂ ಅಲ್ಲೇ. ಹಿರಿಯೂರು ಕಡೆಯ ಮಣ್ಣು ರಸ್ತೆಯಲ್ಲಿ ಅರ್ಧ ಗಂಟೆ ಹೋದರೆ ಹಾಸಿಗೆ ಕೆಂಪಾಗುತ್ತದೆ. ಬಾಗಿಲಿಗೆ ಎರಡು ಸಾಲು ರಬ್ಬರ್ ಹಾಕಿಸಿ. ಮುಂಗೋಡೆಯ ಮೇಲ್ಭಾಗದಲ್ಲಿ ಜಾಲರಿ, ಫಿಲ್ಟರ್ ಇರುವ ಒಂದು ಸಣ್ಣ ಗಾಳಿಕಿಂಡಿ ಇಡಿಸಿ. ಓಡುವಾಗ ಅದರಿಂದ ಒಳಗೆ ನುಗ್ಗುವ ಗಾಳಿ ಸಂದುಗಳಿಂದ ಹೊರಗೆ ಹೋಗುತ್ತದೆ, ದೂಳು ಒಳಗೆ ಬರೋದು ಬಹಳ ಕಡಿಮೆಯಾಗುತ್ತದೆ.

ಬೆಂಕಿಯ ವಿಷಯದಲ್ಲಿ ಸಲಿಗೆ ಬೇಡ. ಬೈಕು ಒಳಗಿರುವಾಗ ಯಾರೂ ಒಳಗೆ ಮಲಗಬಾರದು, ಒಲೆ ಹಚ್ಚಬಾರದು. ಪೆಟ್ರೋಲ್ ಆವಿಯೂ ಎಲ್‌ಪಿಜಿಯೂ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಕೂರುತ್ತವೆ. ನೆಲಕ್ಕೆ ತಾಗಿದಂತೆ ಎರಡು ಜಾಲರಿ ಕಿಂಡಿ ಕಡ್ಡಾಯ. ಅಡುಗೆ ಹೊರಗೇ ಇರಲಿ. ರಾತ್ರಿ ಬೈಕು ಹೊರಗೆ, ಸಿಲಿಂಡರ್ ಹೊರಗೆ, ನೀವು ಒಳಗೆ. ನಾಲ್ಕು ಜನ 1.6 ಮೀಟರಲ್ಲಿ ಇಕ್ಕಟ್ಟು. ಮಕ್ಕಳು ಬೆಳೆಯುತ್ತಿದ್ದ ಹಾಗೆ ಪಕ್ಕಕ್ಕೆ ಕಟ್ಟುವ ಟೆಂಟ್ ಬೇಕಾಗುತ್ತದೆ. ಟ್ರೇಲರ್ ಓಡುವಾಗ ‘ಸ್ವಲ್ಪ ದೂರ ತಾನೇ’ ಅಂತ ಮಕ್ಕಳನ್ನು ಒಳಗೆ ಬಿಡೋದು ಯಾವತ್ತೂ ಬೇಡ.

ಕಾಗದಪತ್ರದ್ದು ಕೊನೆಗೆ ಹೇಳುತ್ತಿದ್ದೇನೆ, ನೀವು ಮೊದಲೇ ಮಾಡಬೇಕಾದ್ದು. ಕೇಂದ್ರದ ವಾಹನ ಪಟ್ಟಿಯಲ್ಲಿ ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಅಥವಾ ಟ್ರೇಲರ್ ಸಾರಿಗೆಯೇತರ ವಾಹನ. ಹಾಗಂತ ನೋಂದಣಿ ಬೇಡ ಅಂತಲ್ಲ. 1988ರ ಮೋಟಾರು ವಾಹನ ಕಾಯ್ದೆಯ 61ನೇ ಕಲಂ ಪ್ರಕಾರ ಟ್ರೇಲರಿಗೂ ತನ್ನದೇ ನೋಂದಣಿ ಸಂಖ್ಯೆ ಬೇಕು. ಜೊತೆಗೆ ಎಳೆಯುವ ಕಾರಿನ ಸಂಖ್ಯೆಯೂ ಟ್ರೇಲರ್ ಮೇಲೆ ಕಾಣಬೇಕು. ಕೃಷಿ ಟ್ರೇಲರ್ ಮಾಡುವವರ ಹತ್ತಿರ ಇರುವ ಒಪ್ಪಿಗೆ ಪತ್ರ ಕೃಷಿ ಟ್ರೇಲರಿನದು. ‘ಕಾರಿನ ಹಿಂದೆ ಕಟ್ಟುವ ಟಿ1 ಟ್ರೇಲರಿಗೆ ನಿಮ್ಮ ಹೆಸರಲ್ಲಿ ಮಾದರಿ ಒಪ್ಪಿಗೆ ಇದೆಯಾ, ಪ್ರತಿ ಕೊಡಿ’ ಅಂತ ಕೇಳಿ. ‘ಆರ್‌ಟಿಒದಲ್ಲಿ ನಮ್ಮವರಿದ್ದಾರೆ’ ಅನ್ನೋದು ಉತ್ತರ ಅಲ್ಲ. ನಕ್ಷೆ, ತೂಕ, ಕೊಕ್ಕೆಯ ವಿವರ ಇಟ್ಟು ದಾವಣಗೆರೆ ಆರ್‌ಟಿಒ ಕಚೇರಿಗೆ ಬರೆದು ಕೇಳಿ, ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಕೊಕ್ಕೆ ಕೂಡಿಸೋದು ಕಾರಿನಲ್ಲಿ ಮಾಡುವ ಬದಲಾವಣೆ ಆಗುತ್ತದೆಯೇ ಅನ್ನೋದನ್ನೂ ಅದೇ ಪತ್ರದಲ್ಲಿ ಸೇರಿಸಿ. ಅದು ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡಿ. ಒಪ್ಪಿಗೆ ಪತ್ರ ಇರುವ ತಯಾರಕರ ಹತ್ತಿರ ಬರೀ ಚಾಸಿ ಕೊಂಡು, ಪೆಟ್ಟಿಗೆಯನ್ನು ಹರಿಹರದಲ್ಲಿ ಕಟ್ಟಿಸೋದು ಸಾಧ್ಯವೇ ಅಂತಲೂ ಅಲ್ಲೇ ಕೇಳಿ. ಆಮೇಲೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ ಟ್ರೇಲರನ್ನು ಪಾಲಿಸಿಗೆ ಸೇರಿಸಿ.

ಜಾಗದ ಬಗ್ಗೆ ಒಂದು ಮಾತು. ಸೂಳೆಕೆರೆ, ವಾಣಿವಿಲಾಸ ಸಾಗರದ ಸುತ್ತ ತಂಗೋಕೆ ಮೊದಲು ಅಲ್ಲಿನ ಇಲಾಖೆಯನ್ನೋ ಹೊಲದ ಯಜಮಾನರನ್ನೋ ಕೇಳಿ. ಚಿತ್ರದುರ್ಗದ ಜೋಗಿಮಟ್ಟಿ ಅರಣ್ಯ, ಅಲ್ಲಿ ರಾತ್ರಿ ಉಳಿಯೋಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಣ್ಣಿನ ಬೈಕ್ ಓಡಿಸೋಕೆ ಅದು ಜಾಗವೇ ಅಲ್ಲ.

ಪೆಟ್ಟಿಗೆ ಕಟ್ಟಿ ಮುಗಿದ ದಿನ, ಬಣ್ಣ ಹೊಡೆಯುವ ಮೊದಲೇ ವೇ ಬ್ರಿಡ್ಜಿಗೆ ಒಯ್ಯಿರಿ. 350 ದಾಟಿದ್ದರೆ ಏನು ತೆಗೆಯೋದು ಅಂತ ಅಲ್ಲೇ ನಿಂತು ತೀರ್ಮಾನಿಸಿ. ಬಣ್ಣ ಒಣಗಿದ ಮೇಲೆ ಯಾರಿಗೂ ಏನನ್ನೂ ತೆಗೆಯುವ ಮನಸ್ಸು ಬರೋದಿಲ್ಲ. ಮೊದಲ ಓಟ ಬೈಕಿಲ್ಲದೆ, ಮಕ್ಕಳಿಲ್ಲದೆ ಕೊಂಡಜ್ಜಿ ತನಕ ಸಾಕು. ಅಲ್ಲಿ ನಿಲ್ಲಿಸಿ ಎರಡೂ ಚಕ್ರಗಳ ನಡುವಿನ ಹಬ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡೋಕಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಜಾಸ್ತಿ ಬಿಗಿಯಾಗಿದೆ ಅಥವಾ ಬ್ರೇಕ್ ಬಿಡುತ್ತಿಲ್ಲ. ವ್ಹೀಲ್ ನಟ್ಟುಗಳನ್ನು ಇನ್ನೊಂದು ಸಲ ಬಿಗಿಮಾಡಿ. ಹೊಸ ಚಕ್ರದಲ್ಲಿ ಅವು ಮೊದಲ ಐವತ್ತು ಕಿಲೋಮೀಟರಿನಲ್ಲೇ ಸಡಿಲವಾಗೋದು.